ತೊಳೆಯೋಳ ಗುರುತು

ಕುರ್ಚಿ ಕೊಟ್ಟ ದಿನವೇ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಹನ್ನೊಂದು ವರ್ಷ ಆ ಶೆಡ್ಡಿನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಕಬ್ಬಿಣ ತೊಳೆದವಳು ಅವಳು. ಎದುರಿಗೆ ಉದ್ದಕ್ಕೆ ಸೀಳಿದ ಡ್ರಮ್ಮು. ಡ್ರಮ್ಮಿನ ತುಂಬ ಸೀಮೆಎಣ್ಣೆ. ಅದರೊಳಗೆ ಗ್ರೀಸು, ಮಣ್ಣು, ತುಕ್ಕು ಮೆತ್ತಿಕೊಂಡ ಪಿನ್ನುಗಳು. ಪಿನ್ನು ಅಂದರೆ ಬಟ್ಟೆಗೆ ಚುಚ್ಚುವ ಪಿನ್ನಲ್ಲ. ಮೊಣಕೈಯಷ್ಟು ಉದ್ದ, ತೋಳಿನಷ್ಟು ದಪ್ಪ ಇರುವ ಉಕ್ಕಿನ ಗುಂಡು ಸರಳು. ಮಣ್ಣು ಅಗೆಯುವ, ಬಂಡೆ ಎತ್ತುವ ದೊಡ್ಡ ಮಷೀನಿದೆಯಲ್ಲ, ಅದರ ಬಕೆಟ್ಟು ತೋಳಿಗೆ ನೇತಾಡುವುದು ಈ ಸರಳಿನ ಮೇಲೆ. ಆ ತೋಳು ಮಷೀನಿನ ಮೈಗೆ ಅಂಟಿಕೊಂಡಿರುವುದೂ ಇಂಥದೇ ಸರಳಿನ ಮೇಲೆ. ಇದು ಮುರಿದರೆ ಮೇಲಿದ್ದದ್ದು ಕೆಳಗೆ. ಕೆಳಗೆ ಯಾರಿದ್ದಾರೆ ಅಂತ ಅದು ಕೇಳುವುದಿಲ್ಲ.

ಹಳೆಯ ಸರಳು ಸರಿಮಾಡಿ, ಹೊಸದು ಮಾಡಿ ಕೊಡುವ ಆ ಶೆಡ್ಡಿನವರು ಅವಳನ್ನು ಕರೆಯುತ್ತಿದ್ದದ್ದು 'ಸೀಮೆಎಣ್ಣೆ' ಎಂದೇ. ಕಬ್ಬಿಣ ತಿರುಗಿಸಿ ಕಡೆಯುವ ಲೇತು ಯಂತ್ರದವನು ಸಿಗರೇಟು ಬಾಯಿಗಿಟ್ಟರೆ ಬಣ್ಣ ಹೊಡೆಯುವವನು ಕೂಗುತ್ತಿದ್ದ: "ಏ ಸೀಮೆಎಣ್ಣೆ, ದೂರ ಹೋಗೇ ತಾಯಿ, ಹತ್ಕೊಂಡ್ಬಿಟ್ಟೀಯ!" ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದಿದ್ದರೆ ಇನ್ನೂ ಹೆಚ್ಚು ಹೇಳುತ್ತಿದ್ದರು.

ನೀರಿನ ಕೊಡದ ಹತ್ತಿರ ಎಲ್ಲರಿಗೂ ಒಂದು ಲೋಟ. ಅವಳದು ಬೇರೆ, ಕಿಟಕಿಯ ಹೊರಗೆ ತಂತಿಗೆ ಕಟ್ಟಿದ್ದು. ವಾಸನೆ ಬರುತ್ತೆ ಅಂತ ಕಾರಣ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಅದಕ್ಕೆ ಯಾರೂ ಕಾರಣವನ್ನೂ ಹೇಳಿರಲಿಲ್ಲ.

ಕೈಯ ಚರ್ಮ ಬಿಳಿಚಿ, ನೆನೆದ ಕಾಗದದ ಹಾಗೆ ಪದರ ಪದರವಾಗಿ ಸುಲಿಯುತ್ತಿತ್ತು. ಬೆರಳ ಸಂದಿಗಳಲ್ಲಿ ಸದಾ ಉರಿ. ಬಸ್ಸಿನಲ್ಲಿ ಕೂತರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ಮಗಳು ಎಂಟು ವರ್ಷದವಳಿದ್ದಾಗ ತುತ್ತು ಬಾಯಿಗೆ ತಂದರೆ ಮುಖ ತಿರುಗಿಸಿ, "ಅಮ್ಮ, ಆ ಕೈ ಬೇಡ" ಅಂದಿದ್ದಳು. ಅವತ್ತಿನಿಂದ ಅವಳು ಮಗಳಿಗೆ ಚಮಚದಲ್ಲಿ ಉಣಿಸಿದಳು.

ಆದರೆ ಆ ಕೈಗೆ ಒಂದು ವಿದ್ಯೆ ಗೊತ್ತಿತ್ತು. ತೊಳೆದ ಪಿನ್ನನ್ನು ಒಣಬಟ್ಟೆಯಲ್ಲಿ ತಿಕ್ಕಿ ಒರೆಸಿ, ಮೈತುಂಬ ಸೀಮೆಸುಣ್ಣದ ಪುಡಿ ಬಳಿದು, ಬಿಸಿಲಿಗೆ ಇಡುತ್ತಿದ್ದಳು. ಆಮೇಲೆ ಕಾಯುತ್ತಿದ್ದಳು. ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದ್ದರೆ, ಅದರೊಳಗೆ ಹೊಕ್ಕು ಕೂತ ಸೀಮೆಎಣ್ಣೆ ಮೆಲ್ಲಗೆ ಒಸರಿ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಎಳೆಯುತ್ತಿತ್ತು. "ನೋಡಿ, ಬೆವರ್ತು" ಅನ್ನುತ್ತಿದ್ದಳು. ಬೆವರಿದ ಪಿನ್ನು ಕೆಲಸಕ್ಕೆ ಬಾರದ್ದು. ಅದಕ್ಕೆ ಕೆಂಪು ಬಣ್ಣ ತಾಗಿಸಿ ಗುಜರಿ ಗುಡ್ಡೆಗೆ ಎಸೆಯಬೇಕು. ಮೈಮೇಲೆ ಬಳಿದರೆ ಎಣ್ಣೆಗೆ ಅಳಿಸಿಹೋಗುತ್ತಿತ್ತು. ಅದಕ್ಕೆ ಅವಳು ತನ್ನದೇ ಒಂದು ರೂಢಿ ಮಾಡಿಕೊಂಡಿದ್ದಳು. ಪಿನ್ನಿನ ತುದಿಯ ನಡುವೆ, ಲೇತು ಕಚ್ಚಿ ಹಿಡಿಯಲೆಂದು ಕೊರೆದ ಪುಟ್ಟ ಕುಳಿ ಇರುತ್ತದೆ. ಅದರ ತಳಕ್ಕೆ ಕಿರುಬೆರಳಲ್ಲಿ ಕೆಂಪು ತುಂಬುತ್ತಿದ್ದಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ಗಮನಿಸಿಯೂ ಇರಲಿಲ್ಲ.

ಒಂದು ಕಾಲವಿತ್ತು. ಎಲ್ಲಿ ನೋಡಿದರೂ ರಸ್ತೆ ಅಗೆಯುತ್ತಿದ್ದರು, ಕಟ್ಟಡ ಏಳಿಸುತ್ತಿದ್ದರು. ಶೆಡ್ಡಿನ ಬಾಗಿಲಲ್ಲಿ ಲಾರಿಗಳ ಸಾಲು. ಎರಡು ಲೇತು ಊಟದ ಹೊತ್ತಿಗೂ ನಿಲ್ಲುತ್ತಿರಲಿಲ್ಲ. ಬಿರುಕು ಬಿಟ್ಟಿದ್ದು ಕಂಡರೆ ಯಜಮಾನ ಎರಡನೇ ಸಲ ನೋಡುತ್ತಲೂ ಇರಲಿಲ್ಲ. "ಎಸಿ ಗುಡ್ಡೆಗೆ, ಹೊಸದು ಕೊಡೋಣ" ಅನ್ನುತ್ತಿದ್ದ. ಅವನೂ ಒಂದು ಕಾಲಕ್ಕೆ ಲೇತಿನ ಮುಂದೆ ನಿಂತವನೇ. ಎಡಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಆ ಕೈ ತೋರಿಸಿಯೇ ಅವನು ಕೆಲಸದವರ ಬಾಯಿ ಮುಚ್ಚಿಸುತ್ತಿದ್ದದ್ದು.

ಆಮೇಲೆ ಎಲ್ಲಾ ನಿಂತಿತು. ಯಾಕೆ ನಿಂತಿತು ಅಂತ ಶೆಡ್ಡಿನವರಿಗೆ ಯಾರೂ ಹೇಳಲಿಲ್ಲ. ಎಲ್ಲೋ ಬ್ಯಾಂಕು ಮುಳುಗಿತಂತೆ, ಎಲ್ಲೋ ಸಾಲ ಕೊಡುವುದು ನಿಲ್ಲಿಸಿದರಂತೆ. ಮೈದಾನಗಳಲ್ಲಿ ಮಷೀನುಗಳು ಸಾಲಾಗಿ ತಲೆ ನೆಲಕ್ಕೆ ಹಚ್ಚಿ ನಿಂತವು. ಬಕೆಟ್ಟಿನೊಳಗೆ ಮಳೆನೀರು ನಿಂತು ಹುಲ್ಲು ಬೆಳೆಯಿತು. ಯಜಮಾನ ಒಂದು ಲೇತು ಮಾರಿದ. ಉಕ್ಕನ್ನು ಕಾಯಿಸಿ ಗಡುಸು ಮಾಡುವ ಒಲೆ ಆರಿತು. ಅದರವನು ತರಕಾರಿ ಗಾಡಿ ತಳ್ಳಲು ಹೋದ. ಪಿನ್ನುಗಳನ್ನು ಅಳೆದು ನೋಡಿ, ಸರಿಯಿದ್ದರೆ ತನ್ನ ಗುರುತಿಗೆ ನಾಲ್ಕರ ಅಂಕಿ ಕೆತ್ತಿದ ಪಂಚನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದ ಚೆಕರ್ ಒಂದು ದಿನ ತನ್ನ ಕನ್ನಡಕ, ತನ್ನ ಪಂಚು ಎರಡನ್ನೂ ಜೇಬಿಗೆ ಹಾಕಿಕೊಂಡು ಹೊರಟುಹೋದ. ಉಳಿದವರು ಮೂರೇ ಜನ. ಲೇತಿನ ಮೇಸ್ತ್ರಿ, ಬಣ್ಣದವನು, ಅವಳು. ಮೇಸ್ತ್ರಿಗೆ ಕೆಲಸವಿತ್ತೆಂದಲ್ಲ, ಹೋಗಲು ಜಾಗವಿರಲಿಲ್ಲ. ಅವಳಿಗೆ ವಾರಕ್ಕೆ ಎರಡು ದಿನ ಬಾ ಅಂದರು. ತೊಳೆಯಲು ಕಬ್ಬಿಣವಿಲ್ಲದಾಗ ಯಜಮಾನನ ಸ್ಕೂಟರು ತೊಳೆದಳು.

ಒಂದು ಮಾತ್ರ ಬೆಳೆಯುತ್ತ ಉಳಿಯಿತು. ಹಿತ್ತಲಿನ ಗುಜರಿ ಗುಡ್ಡೆ. ಕಬ್ಬಿಣದ ಕೆಲಸವೇ ನಿಂತ ಮೇಲೆ ಗುಜರಿಗೂ ಬೆಲೆ ಬಿದ್ದುಹೋಗಿತ್ತು. "ಈಗ ಕೊಟ್ರೆ ಹೊತ್ಕೊಂಡ್ ಹೋದ ಕೂಲಿನೂ ಹುಟ್ಟಲ್ಲ. ರೇಟು ಬರ್ಲಿ" ಅಂದ ಯಜಮಾನ. ಗುಡ್ಡೆ ಅವಳ ಎದೆಮಟ್ಟಕ್ಕೆ ಬೆಳೆದು, ಮೇಲೆ ತುಕ್ಕು ಹಿಡಿದು, ಕಂದು ಬಣ್ಣದ ಪ್ರಾಣಿಯೊಂದು ಮಲಗಿದ ಹಾಗೆ ಮಲಗಿತ್ತು.

ಎರಡು ವರ್ಷ ಕಳೆಯಿತು. ಒಂದು ಸೋಮವಾರ ಫೋನು ಬಂತು. ಮಧ್ಯಾಹ್ನದೊಳಗೆ ಇನ್ನೂ ಆರು. ನಿಂತಿದ್ದೆಲ್ಲ ಒಟ್ಟಿಗೇ ಎದ್ದಿತ್ತು. ಊರಾಚೆಯ ಕಲ್ಲುಕ್ವಾರಿಯಲ್ಲಿ ಎರಡು ವರ್ಷ ಮಲಗಿದ ಆರು ಮಷೀನುಗಳ ಕೀಲುಗಳೆಲ್ಲ ತುಕ್ಕಿನಿಂದ ಕಚ್ಚಿಕೊಂಡಿದ್ದವು. ಹಾಕಲು ನಲವತ್ತೆಂಟು, ಕೈಯಲ್ಲಿರಲಿ ಅಂತ ಹನ್ನೆರಡು, ಒಟ್ಟು ಅರವತ್ತು ಪಿನ್ನು ಬೇಕು. ವಾರದೊಳಗೆ ಬೇಕು. ಪ್ರತಿಯೊಂದರ ಮೇಲೂ ಪರೀಕ್ಷೆ ಮಾಡಿದವರ ಗುರುತು ಇರಬೇಕು, ಜೊತೆಗೆ ಕಾಗದ ಬೇಕು.

ಯಜಮಾನ ಹಿತ್ತಲಿಗೆ ತಾನೇ ಬಂದ.

"ಬಾಮ್ಮ, ಆಫೀಸಿಗೆ ಬಾ."

ಅವಳು ಕಾಲು ಒರೆಸಿಕೊಂಡು ಬಾಗಿಲಲ್ಲಿ ನಿಂತಳು.

"ಒಳಗೆ ಬಾ ಅಂದ್ನಲ್ಲ."

"ಕಾಲಲ್ಲಿ ಎಣ್ಣೆ ಇದೆ ಯಜಮಾನ್ರೆ."

"ಇರ್ಲಿ ಬಿಡು. ಆ ಎಣ್ಣೆಯಿಂದಲೇ ತಾನೇ ನಾವೆಲ್ಲ ಉಣ್ಣೋದು. ಕೂತ್ಕೋ."

ಅವಳು ನೆಲಕ್ಕೆ ಬಗ್ಗಿದಳು.

"ಅಲ್ಲಲ್ಲ! ಮೇಲೆ. ಕುರ್ಚಿ ಮೇಲೆ."

ಕುರ್ಚಿಯ ತುದಿಗೆ ಕೂತಳು. ಬೆನ್ನು ಒರಗಿಸಲಿಲ್ಲ. ಯಜಮಾನ ಮೇಜಿನ ಮೇಲೆ ಒಂದು ಪುಟ್ಟ ಉಕ್ಕಿನ ತುಂಡು ಇಟ್ಟ. ಹೊಸ ಪಂಚು. ತುದಿಯಲ್ಲಿ ಏಳರ ಅಂಕಿ.

"ನಿಂಗೆ ಅಂತಲೇ ತರ್ಸಿದ್ದು. ಇವತ್ತಿಂದ ನೀನು ಇಲ್ಲಿ ಇನ್ಸ್‌ಪೆಕ್ಟರು. ಹನ್ನೊಂದು ವರ್ಷದಿಂದ ನೋಡ್ತಿದೀನಿ, ನಿನ್ನ ಹಾಗೆ ಬಿರುಕು ಹಿಡಿಯೋರು ಯಾರಿದಾರೆ ಹೇಳು?"

ಅವಳ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷದಲ್ಲಿ ಅವನು ಅವಳ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು.

ಕಾಗದ ಮುಂದೆ ಬಂತು. ಪುಟದ ತುಂಬ ಅಕ್ಷರ. ಅವನು ಬೆರಳಿಟ್ಟು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ನೀಲಿ ಮಸಿಯ ಒಂದು ಗುಂಡು ಕಲೆ ಬಿತ್ತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಯಜಮಾನ ಇನ್ನೊಮ್ಮೆ ಒತ್ತಿಸಿದ. ಮತ್ತೆ ಬರೀ ಕಲೆ. ಸೀಮೆಎಣ್ಣೆ ಅವಳ ಬೆರಳಿನ ಗೆರೆಗಳನ್ನು ಯಾವತ್ತೋ ತಿಂದು ಮುಗಿಸಿತ್ತು.

"ಹೋಗ್ಲಿ ಬಿಡು," ಅಂದ ಯಜಮಾನ. "ಪಂಚ್ ಇದೆಯಲ್ಲ."

ಪಿನ್ನುಗಳು ಕಪ್ಪು ಬಣ್ಣ ಬಳಿದುಕೊಂಡು, ಮಿರಿಮಿರಿ ಮಿನುಗುತ್ತ ಅವಳ ಮುಂದೆ ಬಂದವು. ಅವಳು ರೂಢಿಯಂತೆ ಸೀಮೆಸುಣ್ಣದ ಡಬ್ಬಿಗೆ ಕೈ ಹಾಕಿದಳು.

"ಬಣ್ಣದ ಮೇಲೆ ಪುಡಿ ಹಾಕಿದ್ರೆ ಏನು ಕಾಣುತ್ತೆ?" ಅಂದ ಯಜಮಾನ. "ತೊಳೆದು, ನೋಡಿ, ಎಲ್ಲಾ ಆಗಿಯೇ ಬಣ್ಣ ಹೊಡೆದಿರೋದು."

"ಯಾರು ನೋಡಿದ್ದು?"

"ಮೇಸ್ತ್ರಿ. ಯಾಕೆ, ಅವನ ಮೇಲೆ ನಂಬಿಕೆ ಇಲ್ವಾ? ಇನ್ಸ್‌ಪೆಕ್ಟರಮ್ಮ ಆದ ತಕ್ಷಣ ದೊಡ್ಡೋರನ್ನೇ ಪ್ರಶ್ನೆ ಮಾಡೋದಾ?"

ನಗುತ್ತಲೇ ಅಂದ. ಅವಳೂ ನಕ್ಕಳು. ಹಳೆಯ ಅಭ್ಯಾಸ.

ಸುತ್ತಿಗೆ ಎತ್ತಿದಳು. ಏಳು. ಮುಂದಿನದು. ಏಳು. ಒಂದೊಂದು ಪೆಟ್ಟಿಗೂ ಭುಜದವರೆಗೆ ಅದುರು ಹತ್ತುತ್ತಿತ್ತು. ಮೂರು ದಿನದಲ್ಲಿ ನಲವತ್ತೆಂಟು ಪಿನ್ನುಗಳ ತುದಿಗೆ ಏಳು ಹೊಡೆದಳು. ಹೊಡೆದದ್ದನ್ನು ಗಾಡಿ ಅವತ್ತವತ್ತೇ ಕ್ವಾರಿಗೆ ಒಯ್ಯುತ್ತಿತ್ತು. ಬಣ್ಣದವನು ದಾರಿಯಲ್ಲಿ ಅಡ್ಡಬಂದು ಬಗ್ಗಿ, "ದಾರಿ ಬಿಡ್ರಪ್ಪೋ, ಏಳನೇ ನಂಬರು ಬರ್ತಿದೆ" ಅಂದ. ಅದರಲ್ಲಿ ಹಾಸ್ಯ ಎಷ್ಟು, ಹೊಟ್ಟೆಯುರಿ ಎಷ್ಟು ಅಂತ ಅವಳು ಅಳೆಯಲು ಹೋಗಲಿಲ್ಲ. ಕುರ್ಚಿಗೆ ಆಗಲೇ ಬೆನ್ನು ಒರಗಿಸಿದ್ದಳು.

ಮೂರನೇ ದಿನ ಸಂಜೆ ಮನೆಯಲ್ಲಿ ಮಗಳು ಕೇಳಿದಳು. ಹತ್ತೊಂಬತ್ತರ ಹುಡುಗಿ, ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದವಳು. ಅಕ್ಷರ ಬಲ್ಲವಳು.

"ಆ ಕಾಗದದಲ್ಲಿ ಏನಂತ ಬರೆದಿತ್ತಮ್ಮ?"

"ಇನ್ಸ್‌ಪೆಕ್ಟರ್ ಅಂತ."

"ಪುಟದ ತುಂಬ ಅದೊಂದೇನಾ?"

"ಇನ್ನೇನೇನೋ ಇತ್ತು. ತೋರ್ಸಿದ ಕಡೆ ಒತ್ತಿದೆ."

"ಓದಿಸ್ಕೋಬಾರ್ದಾ?"

ಅವಳು ತಟ್ಟೆಯ ಅಂಚು ಒರೆಸಿದಳು.

"ಕುರ್ಚಿ ಮೇಲೆ ಕೂತಿದ್ನಲ್ಲೇ. ಕುರ್ಚಿ ಮೇಲೆ ಕೂತ್ಕೊಂಡು, ನಂಗೆ ಓದಕ್ಕೆ ಬರಲ್ಲ, ಓದಿ ಹೇಳಿ ಅಂತ ಹೆಂಗೆ ಕೇಳ್ಲಿ? ನೆಲದ ಮೇಲಿದ್ದಿದ್ರೆ ಕೇಳ್ತಿದ್ದೆ."

ಮಗಳು ಅವಳ ಮುಖ ನೋಡಿದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. 

ನಾಲ್ಕನೇ ದಿನ ಕೈ ತೊಳೆಯಲು ಹಿತ್ತಲಿಗೆ ಹೋದಳು. ಮೂರು ದಿನದಿಂದ ಅವಳಿಗೆ ಹಿತ್ತಲಿನ ಕೆಲಸವಿರಲಿಲ್ಲ. ಬಾಗಿಲು ದಾಟಿದವಳೇ ನಿಂತುಬಿಟ್ಟಳು.

ಎದೆಮಟ್ಟವಿದ್ದ ಗುಡ್ಡೆ ಮೊಣಕಾಲಿಗೆ ಇಳಿದಿತ್ತು.

ಗುಜರಿಯವನ ಗಾಡಿ ಬಂದಿರಲಿಲ್ಲ. ಬಂದಿದ್ದರೆ ತಕ್ಕಡಿಯ ಗದ್ದಲ, ಜಗಳ, ಬೈಗುಳ ಎಲ್ಲಾ ಕೇಳುತ್ತಿತ್ತು. ಮಣ್ಣಿನ ಮೇಲೆ ಗುಡ್ಡೆಯಿಂದ ಶೆಡ್ಡಿನ ಬಾಗಿಲವರೆಗೆ ಏನೋ ಎಳೆದೊಯ್ದ ಜಾಡಿತ್ತು.

ಅವಳು ಒಳಗೆ ಬಂದಳು. ಮೇಜಿನ ಮೇಲೆ ಇವತ್ತಿನ ಪಿನ್ನುಗಳು ಸಾಲಾಗಿ ಮಲಗಿದ್ದವು. ಒಂದನ್ನು ತೊಡೆಯ ಮೇಲೆ ಎಳೆದುಕೊಂಡಳು. ತುದಿಯ ಕುಳಿಯೊಳಗೆ ಕಪ್ಪು ಬಣ್ಣ ಗಟ್ಟಿಯಾಗಿ ತುಂಬಿಕೊಂಡಿತ್ತು. ಮೊಳೆಯೊಂದನ್ನು ಹಾಕಿ ಕೆರೆದಳು. ಕಪ್ಪು ಎದ್ದಿತು. ಇನ್ನೂ ಕೆರೆದಳು. ಲೇತಿನ ಮೊನೆ ಕುಳಿಯ ಅಂಚನ್ನು ಉಜ್ಜುತ್ತದೆ, ತಳವನ್ನು ಮುಟ್ಟುವುದಿಲ್ಲ. ತಳದಿಂದ ಕೆಂಪು ಬಂತು.

ಅವಳ ಕಿರುಬೆರಳಿನ ಕೆಂಪು.

ಇನ್ನೊಂದು ಕೆರೆದಳು. ಕೆಂಪು. ಇನ್ನೊಂದು. ಇಲ್ಲ, ಅದು ಹೊಸದು. ಮುಂದಿನದು ಕೆಂಪು. 

ಮೇಸ್ತ್ರಿ ಲೇತಿನ ಮುಂದೆ ಬೆನ್ನು ಮಾಡಿ ನಿಂತಿದ್ದ. ಅವಳು ಹೋಗಿ ಸ್ವಿಚ್ಚು ಆರಿಸಿದಳು. ಹನ್ನೊಂದು ವರ್ಷದಲ್ಲಿ ಯಾವತ್ತೂ ಆ ಸ್ವಿಚ್ಚು ಮುಟ್ಟಿದವಳಲ್ಲ.

"ಮೇಸ್ತ್ರಿಯಣ್ಣ, ಇವೆಲ್ಲ ಬೆವರಿದ್ದು."

ಅವನು ತಿರುಗಲಿಲ್ಲ.

"ಗೊತ್ತು."

"ಗೊತ್ತಾ?"

"ಬಿರುಕಿನ ಮೇಲೆ ವೆಲ್ಡಿಂಗ್ ತುಂಬ್ತೀನಿ, ತಿರುಗಿಸಿ ಸಪಾಟು ಮಾಡ್ತೀನಿ. ಕಣ್ಣಿಗೆ ಕಾಣಲ್ಲ."

"ಒಳಗೆ ಹೋಗಿರೋ ಬಿರುಕು?"

"ಒಳಗೇ ಇರುತ್ತೆ." ಈಗ ತಿರುಗಿದ. ಕಣ್ಣು ಕೆಂಪಗಿತ್ತು. ವೆಲ್ಡಿಂಗಿನ ಬೆಳಕಿಗೋ ಬೇರೆ ಯಾವುದಕ್ಕೋ. "ಹೊಸ ಉಕ್ಕು ತರೋಣ ಅಂದ್ರೆ ಪೇಟೆಯಲ್ಲೇ ಇಲ್ಲ ತಂಗಿ. ಎಲ್ಲರಿಗೂ ಒಂದೇ ದಿನ ಬೇಕು. ಇದ್ದದ್ದು ಹತ್ತೋ ಹನ್ನೆರಡೋ ಪಿನ್ನಿಗೆ ಆಯ್ತು. ಇದ್ದರೂ ಗಡುಸು ಮಾಡೋ ಒಲೆ ಎಲ್ಲಿ, ಅದನ್ನ ಬಲ್ಲೋನು ಎಲ್ಲಿ? ಈ ಆರ್ಡರ್ ಹೋದ್ರೆ ಶೆಡ್ಡು ಹೋಯ್ತು. ಎರಡು ವರ್ಷ ಮನೇಲಿ ಹೆಂಡತಿ ಮುಖ ನೋಡಕ್ಕಾಗ್ದೆ ಇಲ್ಲಿ ಬಂದು ಸುಮ್ಮನೆ ಕೂತು ಹೋಗ್ತಿದ್ದೆ. ನೀನೇ ನೋಡಿದೀಯ."

"ನನ್ನ ಕೈಲಿ ಗುರುತು ಹಾಕ್ಸಿದ್ರಲ್ಲ ಅಣ್ಣ."

ಅವನು ನೆಲ ನೋಡಿದ.

"ನಂಗೆ ಮೊದಲು ಹೇಳಿದ್ರು, ನೀನೇ ಹಾಕು ಅಂತ. ನಾನು ಒಲ್ಲೆ ಅಂದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವನು ಒಲ್ಲೆ ಅಂದಿದ್ದ. ಒಲ್ಲೆ ಅಂದು, ಅವಳು ಕುರ್ಚಿ ಮೇಲೆ ಕೂತು ಹೊಡೆಯುವುದನ್ನು ಮೂರು ದಿನ ಬೆನ್ನು ಮಾಡಿ ಕೇಳಿಸಿಕೊಂಡಿದ್ದ.

ಯಜಮಾನ ಆಫೀಸಿನಿಂದ ಹೊರಬಂದಿದ್ದ.

"ಲೇತು ಯಾಕೆ ನಿಂತಿದೆ?"

"ಗುಡ್ಡೆ ಯಾಕೆ ಇಳಿದಿದೆ?" ಅಂದಳು ಅವಳು.

ಅವನು ಮೇಜಿನ ಮೇಲಿನ ಕೆರೆದ ಪಿನ್ನುಗಳನ್ನು ನೋಡಿದ. ಆಮೇಲೆ ಅವಳನ್ನು. ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿದ್ದು.

"ನೋಡಮ್ಮ. ಹತ್ತಕ್ಕೆ ಒಂಬತ್ತು ಏನೂ ಆಗಲ್ಲ. ಎರಡು ತಿಂಗಳು ತಡ್ಕೊಂಡ್ರೆ ಸಾಕು, ಅಷ್ಟರಲ್ಲಿ ಉಕ್ಕು ಬರುತ್ತೆ, ನಾನೇ ಹೋಗಿ ಬದಲಾಯಿಸ್ತೀನಿ."

"ಹತ್ತನೇದು?"

"ಹತ್ತನೇದು ನಿನ್ನದು." ಅವನು ಮೆಲ್ಲಗೆ ಹೇಳಿದ, ಮಗುವಿಗೆ ಹೇಳುವ ಹಾಗೆ. "ಕಾಗದದಲ್ಲಿ ಬರೆದಿದೆ. ಪಿನ್ನು ಪರೀಕ್ಷೆ ಮಾಡಿದ್ದು ನೀನು, ಪಾಸು ಮಾಡಿದ್ದು ನೀನು. ಏನಾದ್ರೂ ಆದ್ರೆ ಹೊಣೆ ನಿನ್ನದು. ಅದಕ್ಕೇ ಹೇಳ್ತಿದೀನಿ, ಬಾಯಿ ಮುಚ್ಕೊಂಡು ಇದ್ರೆ ನಿಂಗೇ ಒಳ್ಳೇದು."

"ಆ ಹೆಬ್ಬೆಟ್ಟಲ್ಲಿ ಗೆರೆನೇ ಇಲ್ಲ ಯಜಮಾನ್ರೆ."

"ಪಿನ್ನಿನ ಮೇಲಿದೆಯಲ್ಲ. ನಲವತ್ತೆಂಟು ಸಲ."

ಮೇಜಿನ ಮೇಲೆ ಹನ್ನೆರಡು ಪಿನ್ನು ಉಳಿದಿದ್ದವು. ಯಜಮಾನ ಸುತ್ತಿಗೆ ಎತ್ತಿ ಅವಳ ಕಡೆ ಹಿಡಿ ಮಾಡಿ ಚಾಚಿದ.

"ಮುಗಿಸು. ಮಧ್ಯಾಹ್ನ ಗಾಡಿ ಬರುತ್ತೆ."

ಅವಳು ಸುತ್ತಿಗೆ ಮುಟ್ಟಲಿಲ್ಲ.

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ. ಹನ್ನೊಂದು ವರ್ಷ ನಿಮ್ಮ ಕೊಳೆ ತೊಳೆದಿದೀನಿ. ಇದನ್ನ ತೊಳೆಯಕ್ಕೆ ಡ್ರಮ್ಮು ಸಾಲಲ್ಲ."

"ಹಾಗಾದ್ರೆ ಹೋಗು. ಹೊರಗೆ ಹೋಗು! ನಿನ್ನಂಥೋಳಿಗೆ ಕುರ್ಚಿ ಕೊಟ್ಟಿದ್ದು ನಂದೇ ತಪ್ಪು!" ಈಗ ಸಿಟ್ಟು ಬಂದಿತ್ತು. ತುದಿಯಿಲ್ಲದ ಬೆರಳು ಬಾಗಿಲು ತೋರಿಸುತ್ತಿತ್ತು. ಅವಳು ಆ ಬೆರಳನ್ನೇ ನೋಡಿದಳು.

"ನಿಮ್ಮ ಬೆರಳು ತೆಗೆದ ಲೇತಿನ ಮೇಲೆ ಯಾರ ಗುರುತಿತ್ತು ಯಜಮಾನ್ರೆ?"

ಮೇಜಿನ ಮೇಲಿದ್ದ ಮೊಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಗೆ ನಡೆದಳು.

ಕ್ವಾರಿಗೆ ಬಸ್ಸು ಅರ್ಧ ದಾರಿಯವರೆಗೆ. ಉಳಿದದ್ದು ನಡಿಗೆ. ಬಿಸಿಲಿಗೆ ದಾರಿಯ ಧೂಳು ಬೆಳ್ಳಗೆ ಸುಡುತ್ತಿತ್ತು. ಒಂದೊಂದು ಲಾರಿ ಹಾದುಹೋದಾಗಲೂ ಅವಳು ಕಣ್ಣು ಮುಚ್ಚಿ ಕಿವಿ ತೆರೆದು ನಿಲ್ಲುತ್ತಿದ್ದಳು, ದೂರದಿಂದ ಕೂಗು ಬರುತ್ತದೇನೋ ಅಂತ. ಬರಲಿಲ್ಲ. ಬರದಿದ್ದದ್ದರಿಂದ ಸಮಾಧಾನವೂ ಆಗಲಿಲ್ಲ.

ಕ್ವಾರಿಯೆಂದರೆ ಭೂಮಿಯಲ್ಲಿ ತೋಡಿದ ದೊಡ್ಡ ಬೋಗುಣಿ. ಅದರ ತಳದಲ್ಲಿ ಅಲ್ಲೊಂದು ಇಲ್ಲೊಂದರಂತೆ ಆರು ಮಷೀನುಗಳು ತೋಳು ಎತ್ತಿ ಇಳಿಸುತ್ತಿದ್ದವು. ಒಂದೊಂದರ ಸುತ್ತ ಕಲ್ಲು ಆಯುವ ಹೆಂಗಸರು ಬಗ್ಗಿ ನಿಂತಿದ್ದರು. ಮಷೀನು ಲಾರಿಗೆ ಸುರಿಯುವಾಗ ಚೆಲ್ಲಿದ ಕಲ್ಲನ್ನು ಬುಟ್ಟಿಗೆ ತುಂಬುವುದು ಅವರ ಕೆಲಸ. ಬುಟ್ಟಿಗೆ ಇಷ್ಟು ಅಂತ ಕೂಲಿ. ಅದಕ್ಕೇ ಅವರು ಬಕೆಟ್ಟು ಖಾಲಿಯಾಗುವವರೆಗೂ ಕಾಯುತ್ತಿರಲಿಲ್ಲ. ತಲೆಯ ಮೇಲೆ ಅದು ತೂಗುತ್ತಿರುವಾಗಲೇ ಕೆಳಗೆ ನುಗ್ಗುತ್ತಿದ್ದರು.

ಮೊದಲ ಮಷೀನಿನ ಆಪರೇಟರ್ ಬಕೆಟ್ಟು ನೆಲಕ್ಕಿಟ್ಟು ನೀರು ಕುಡಿಯುತ್ತಿದ್ದ. ಮೂವತ್ತರ ಆಸುಪಾಸಿನವನು.

"ತಮ್ಮ, ಈ ಪಿನ್ನಿನ ತುದಿ ಒಂದ್ಸಲ ನೋಡ್ಬೇಕು."

"ನೀವ್ಯಾರಕ್ಕ? ಸೀಮೆಎಣ್ಣೆ ಮಾರೋರಾ?"

"ಇದಕ್ಕೆ ಗುರುತು ಹಾಕಿದೋಳು."

ಅವನು ನಕ್ಕ. ನಗುತ್ತಲೇ ಕೆಳಗಿಳಿದ. ಅವಳು ಬಕೆಟ್ಟಿನ ಕೀಲಿನ ಹತ್ತಿರ ಮಂಡಿಯೂರಿದಳು. ಗ್ರೀಸು ಒರೆಸಿದಳು. ಏಳು. ಪಕ್ಕದಲ್ಲೇ ಕುಳಿ. ಮೊಳೆಯಿಂದ ಕೆರೆದಳು. ಕಪ್ಪು. ಇನ್ನೂ ಕೆರೆದಳು. ಕೆಂಪು.

"ಇದು ಬಿರುಕು ಬಿಟ್ಟಿದ್ದು. ನಾನೇ ಎರಡು ವರ್ಷದ ಹಿಂದೆ ಎಸೆದಿದ್ದೆ. ಮುರಿಯುತ್ತೆ ತಮ್ಮ. ಇವತ್ತೋ ನಾಳೆಯೋ ಗೊತ್ತಿಲ್ಲ. ಮುರಿಯುತ್ತೆ."

ಅವನ ನಗು ಅರ್ಧಕ್ಕೇ ನಿಂತಿತು. "ಬೆಳಗ್ಗೆಯಿಂದ ಟಿಕ್ ಟಿಕ್ ಅಂತಿದೆ," ಅಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಹೊಸ ಪಿನ್ನಲ್ವಾ, ಕೂತ್ಕೊಳ್ತಿದೆ ಅನ್ಕೊಂಡೆ."

ಸೂಪರ್‌ವೈಸರ್ ಛತ್ರಿಯಡಿಯಿಂದ ಎದ್ದು ಬಂದ. "ಏನಿದು ಸಂತೆ? ಯಾರೀಯಮ್ಮ?"

ಅವಳು ಹೇಳಿದಳು. ಮೊದಲಿಂದ ಹೇಳಿದಳು. ಅವನು ಅರ್ಧ ಕೇಳಿ ಫೋನು ತೆಗೆದ. ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ ಹಿಡಿದ.

"ನಿಮ್ಮ ಇನ್ಸ್‌ಪೆಕ್ಟರ್ ಅಂತೆ. ಇಲ್ಲಿ ಬಂದು ಮಷೀನ್ ನಿಲ್ಸಿ ಅಂತಿದಾಳೆ."

"ಯಾರು?" ಯಜಮಾನನ ದನಿ. "ಅಯ್ಯೋ, ಅವಳಾ! ಸಾರ್, ಅವಳು ನಮ್ಮಲ್ಲಿ ಸಾಮಾನು ತೊಳೆಯೋಳು. ತಲೆ ಸ್ವಲ್ಪ ನೆಟ್ಟಗಿಲ್ಲ. ಬೆಳಗ್ಗೆ ಕೆಲಸದಿಂದ ತೆಗೆದೆ, ಆ ಸಿಟ್ಟಿಗೆ ಬಂದಿದಾಳೆ. ಅಕ್ಷರ ಬರಲ್ಲ ಅವಳಿಗೆ, ಪಿನ್ನಿನ ವಿಷಯ ಏನು ಗೊತ್ತು?"

"ಏಳು ಯಾರ ಗುರುತು ಯಜಮಾನ್ರೆ?" ಅವಳು ಫೋನಿನ ಕಡೆ ಕೂಗಿದಳು.

ಆ ಕಡೆಯಿಂದ ಫೋನು ಕಟ್ಟಾಯಿತು.  

ಅವಳು ಸೂಪರ್‌ವೈಸರ್ ಕಡೆ ತಿರುಗಿದಳು.

"ಸಾರ್, ನಾನು ಇನ್ಸ್‌ಪೆಕ್ಟರ್ ಆಗಿದ್ರೆ ನನ್ನ ಮಾತು ಕೇಳಿ, ಮಷೀನ್ ನಿಲ್ಸಿ. ಬರೀ ತೊಳೆಯೋಳಾಗಿದ್ರೆ ಈ ಗುರುತೇ ಸುಳ್ಳು. ಆಗ್ಲೂ ಮಷೀನ್ ನಿಲ್ಸಿ."

ಅವನು ಬೋಗುಣಿಯ ಅಂಚಿನಲ್ಲಿ ಸಾಲಾಗಿ ನಿಂತ ಲಾರಿಗಳನ್ನು ನೋಡಿದ. ಎರಡು ವರ್ಷದ ನಂತರ ಬಂದ ಲಾರಿಗಳು.

"ಸಂಜೆಯೊಳಗೆ ನಲವತ್ತು ಲೋಡ್ ಹೋಗ್ಬೇಕು," ಅಂದ. "ಪಿನ್ನು ನಾಳೆ ನೋಡೋಣ. ಹತ್ತಪ್ಪ ಮೇಲೆ."

ಆಪರೇಟರ್ ಅಲುಗಲಿಲ್ಲ.

"ಹತ್ತೋರು ಬೇಕಾದಷ್ಟು ಜನ ಗೇಟಿನ ಹೊರಗೆ ನಿಂತಿದಾರೆ. ಹೇಳ್ಲಾ?"

ಆಪರೇಟರ್ ಅವಳ ಮುಖ ನೋಡಲಿಲ್ಲ. "ಎರಡು ವರ್ಷ ಕೆಲ್ಸ ಇರ್ಲಿಲ್ಲ ಅಕ್ಕ," ಅಂದ. ಹತ್ತಿದ. ಇಂಜಿನ್ನು ಗುಡುಗಿತು. ಬಕೆಟ್ಟು ಬಂಡೆಗಳನ್ನು ಕಚ್ಚಿ ತುಂಬಿಕೊಂಡು ಮೆಲ್ಲಗೆ ಮೇಲೆದ್ದಿತು. ಎಲ್ಲಾ ಸದ್ದಿನ ನಡುವೆಯೂ ಅವಳಿಗೆ ಅದೊಂದು ಸದ್ದು ಬೇರೆಯಾಗಿ ಕೇಳಿಸಿತು. ಟಿಕ್. ಟಿಕ್.

ಕಲ್ಲು ಆಯುವ ಹೆಂಗಸರು ಬುಟ್ಟಿ ಹಿಡಿದು ಬಗ್ಗಿ ನುಗ್ಗಿದರು.

"ಬರ್ಬೇಡಿ!" ಅವಳು ಕೂಗಿದಳು. "ಹಿಂದೆ ಹೋಗ್ರೇ!" ಒಬ್ಬಳ ಬುಟ್ಟಿ ಕಿತ್ತು ಎಸೆದಳು. ಇನ್ನೊಬ್ಬಳನ್ನು ರಟ್ಟೆ ಹಿಡಿದು ದೂಡಿದಳು. ಅವರು ಬೈಯುತ್ತ ಹಿಂದೆ ಸರಿದರು. ಬಕೆಟ್ಟು ಲಾರಿಯ ಕಡೆ ತಿರುಗುತ್ತಿತ್ತು. ಅದರ ನೆರಳು ನೆಲದ ಮೇಲೆ ತೆವಳಿ ಬಂತು.

ಅವಳು ಆ ನೆರಳಿನೊಳಗೆ ಹೋಗಿ ನಿಂತಳು.

ಆಪರೇಟರ್ ಗಾಜಿನ ಹಿಂದಿನಿಂದ ಕೈ ಬೀಸಿದ, ಕೂಗಿದ. ಕೇಳಿಸಲಿಲ್ಲ. ಬಕೆಟ್ಟು ಜೋಲಿ ಹೊಡೆದು ಅವಳ ತಲೆಯ ನೇರಕ್ಕೆ ನಿಂತಿತು. ಮಣ್ಣಿನ ಚೂರು ಅವಳ ಹೆಗಲ ಮೇಲೆ ಉದುರಿತು.

"ಏಯ್, ಹುಚ್ಚಿ! ಸಾಯ್ತೀಯ!" ಸೂಪರ್‌ವೈಸರ್ ಚೀರಿದ. ಚೀರಿದನೇ ಹೊರತು ಹತ್ತಿರ ಬರಲಿಲ್ಲ.

"ಹೌದಾ ಸಾರ್?" ಅವಳು ಕತ್ತೆತ್ತದೆ ಕೇಳಿದಳು. "ಸಾಯ್ತೀನಾ? ಪಿನ್ನು ಸರಿಯಿದ್ರೆ ಯಾಕೆ ಸಾಯ್ತೀನಿ? ಬನ್ನಿ, ನೀವೂ ನಿಂತ್ಕೊಳ್ಳಿ."

 ಸೂಪರ್‌ವೈಸರ್ ತನಗೇ ಗೊತ್ತಿಲ್ಲದ ಹಾಗೆ ಎರಡು ಹೆಜ್ಜೆ ಹಿಂದೆ ಇಟ್ಟಿದ್ದ. ಅದನ್ನು ಕಲ್ಲು ಆಯುವವರು ಎಲ್ಲರೂ ನೋಡಿದರು. ಆಪರೇಟರನೂ ನೋಡಿದ.

ಅವನು ತೋಳನ್ನು ಇಂಚು ಇಂಚಾಗಿ ಅವಳಿಂದ ಆಚೆಗೆ ತಿರುಗಿಸಿದ. ಇಂಚು ಇಂಚಾಗಿ ಇಳಿಸಿದ. ಬಕೆಟ್ಟು ನೆಲ ಮುಟ್ಟಲು ಒಂದು ಗೇಣು ಇರುವಾಗ ಬಂದೂಕಿನಂಥ ಸದ್ದು ಬಂತು. ಒಂದು ಪಕ್ಕ ಕಳಚಿಕೊಂಡ ಬಕೆಟ್ಟು ವಾರೆಯಾಗಿ ಕುಸಿದು, ಹೊತ್ತಿದ್ದ ಬಂಡೆಗಳನ್ನೆಲ್ಲ ಖಾಲಿ ನೆಲದ ಮೇಲೆ ಕಕ್ಕಿತು.

ಧೂಳು ಎದ್ದಿತು. ಇಂಜಿನ್ನು ನಿಂತಿತು. ಆಪರೇಟರ್ ಬಾಗಿಲು ತೆಗೆದು ಮೆಟ್ಟಿಲ ಮೇಲೆಯೇ ಕೂತ.  ಧೂಳು ಇಳಿದ ಮೇಲೆ ನೋಡಿದರೆ ಪಿನ್ನು ನಡುವಿಗೆ ಎರಡು ಹೋಳಾಗಿತ್ತು. ಒಡೆದ ಮುಖದ ಮುಕ್ಕಾಲು ಪಾಲು ಹಳೆಯ ತುಕ್ಕಿನ ಬಣ್ಣ. ಹೊಸದಾಗಿ ಹೊಳೆಯುತ್ತಿದ್ದದ್ದು ಕಾಲು ಪಾಲು ಮಾತ್ರ. ಆ ಕಾಲು ಪಾಲಿನ ಮೇಲೆ ಅಷ್ಟೂ ಕಲ್ಲು ನೇತಾಡುತ್ತಿತ್ತು.

ಸೂಪರ್‌ವೈಸರ್ ಮತ್ತೆ ಫೋನು ಹಿಡಿದಿದ್ದ. ಈ ಸಲ ಮೆಲ್ಲಗೆ, ಬೆನ್ನು ಮಾಡಿ ಮಾತಾಡುತ್ತಿದ್ದ. "ಹೌದು, ಹೆಂಗಸು... ಗುರುತು ಅವಳದೇ ಅಂತೆ, ಅವಳೇ ಒಪ್ಕೊಂಡಿದಾಳೆ... ಪೊಲೀಸಿಗೆ ಹೇಳಿ." ಅವಳಿಗೆ ಕೇಳಿಸಿತು. ಕೇಳಿಸಲಿ ಅಂತಲೇ ಇರಬಹುದು.

ಬೋಗುಣಿಯ ಆ ಕಡೆ ಇನ್ನೂ 'ಗುಡು ಗುಡು' ಸದ್ದು. ಉಳಿದ ಐದು ಮಷೀನುಗಳಿಗೆ ಏನೂ ಗೊತ್ತಿರಲಿಲ್ಲ. ಅವುಗಳ ತೋಳುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಕೆಳಗೆ ಬಗ್ಗಿದ ಬೆನ್ನುಗಳು.

ಅವಳು ಆ ಕಡೆ ನಡೆದಳು.  ಹಿಂದಿನಿಂದ ಹೆಜ್ಜೆ ಸದ್ದು ಕೇಳಿತು. ಅವಳು ಬುಟ್ಟಿ ಕಿತ್ತು ಎಸೆದಿದ್ದಳಲ್ಲ, ಅದೇ ಹೆಂಗಸು. ಮುಖದ ತುಂಬ ಕಲ್ಲಿನ ಪುಡಿ. ಅವಳ ಹಿಂದೆ ಇನ್ನೂ ನಾಲ್ಕೈದು ಜನ.

"ಯಾವ ಮಷೀನಕ್ಕ? ಯಾವುದರಲ್ಲಿದೆ ಕೆಟ್ಟಿದ್ದು?"

"ಗೊತ್ತಿಲ್ಲ ಕಣೇ," ಅಂದಳು ಅವಳು, ನಿಲ್ಲದೆ. "ಎಲ್ಲದ್ರ ಕೆಳಗೂ ನಿಲ್ಬೇಕು."